ಅಂಜಿಕೆ ಬಿಡಿಸುವ ಕೆಲಸ



ಘಾಟಿಯ ತಿರುವಿನಲ್ಲಿ ಬಸ್ಸು ನಿಧಾನವಾದ ಕೂಡಲೇ ರಸ್ತೆಗಿಳಿದು ಕೈಚಾಚುವ ಮಂಗಗಳನ್ನು ಕಾಣದವರು ಈ ಸಭೆಯಲ್ಲಿ ಇರಲಾರರು. ಮನುಷ್ಯನೆಂದರೆ ಅವಕ್ಕೆ ಈಗ ಅಂಜಿಕೆಯಿಲ್ಲ. ಆ ಅಂಜಿಕೆಯನ್ನು ಬಿಡಿಸಿದ್ದು ಬಾಳೆಹಣ್ಣು ಮತ್ತು ಬಿಸ್ಕತ್ತು. ಆಫ್ರಿಕಾದ ಉಗಾಂಡಾ ದೇಶದಲ್ಲಿ ಇದಕ್ಕಿಂತ ತೀರ ಬೇರೆ ಕ್ರಮವೊಂದಿದೆ. ಅಲ್ಲಿ ಒಂದು ತುತ್ತನ್ನೂ ಕೊಡದೆ ಗೊರಿಲ್ಲಾಗಳನ್ನು ಮನುಷ್ಯನ ಇರವಿಗೆ ಒಗ್ಗಿಸುತ್ತಾರೆ. ಒಗ್ಗಿಸುವ ಕೆಲಸ ಇನ್ನೂ ನಡೆದಿರುವಾಗಲೇ, ಹಣ ತೆತ್ತ ಪ್ರವಾಸಿಗರನ್ನು ಜೊತೆಗೆ ಕರೆದೊಯ್ಯುವ ಏರ್ಪಾಡೂ ಅಲ್ಲಿದೆ. ಅದು ಏನು, ಅದರಿಂದ ಯಾರಿಗೆ ಏನು ಒದಗುತ್ತದೆ ಎಂಬುದು ಕಾಡಿನ ಅಂಚಿನಲ್ಲಿ ಬಾಳುವವರು ತಿಳಿಯತಕ್ಕ ವಿಚಾರ.

ಆ ಕಾಡಿನ ಹೆಸರು ಬ್ವಿಂಡಿ. ಉಗಾಂಡಾದ ನೈಋತ್ಯ ಮೂಲೆಯಲ್ಲಿ, ಕಾಂಗೋ ದೇಶದ ಗಡಿಗೆ ತಾಗಿಕೊಂಡಿದೆ; ವಿಸ್ತೀರ್ಣ ಸುಮಾರು 330 ಚದರ ಕಿಲೋಮೀಟರು. 1991ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1994ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕಡಿದಾದ ಇಳಿಜಾರು, ಹೆಣೆದುಕೊಂಡ ಬಳ್ಳಿ, ಬೆಳಗಿನ ಮಂಜು: ಮಲೆನಾಡಿನವರಿಗೆ ಅಪರಿಚಿತವೆನಿಸದ ನೋಟ. ಕಾಡು ಮುಗಿದಲ್ಲಿಂದಲೇ ಬಾಳೆ, ಗೆಣಸು, ಚಹಾ ಬೆಳೆಯುವ ಹೊಲಗಳು. ಬೆಟ್ಟದ ಗೊರಿಲ್ಲಾ ಎಂಬ ಉಪಪ್ರಭೇದ ಭೂಮಿಯ ಮೇಲೆ ಉಳಿದಿರುವುದು ಇಲ್ಲಿ ಮತ್ತು ಇಲ್ಲಿಗೆ ದೂರವಲ್ಲದ ವಿರುಂಗಾ ಜ್ವಾಲಾಮುಖಿ ಪರ್ವತಗಳಲ್ಲಿ ಮಾತ್ರ. 2018ರ ಎಣಿಕೆಯಲ್ಲಿ ಬ್ವಿಂಡಿ ಹಾಗೂ ಅದಕ್ಕೆ ಸೇರಿಕೊಂಡ ಕಾಂಗೋದ ಕಾಡಿನಲ್ಲಿ 459, ಅದಕ್ಕೆ ಮುಂಚಿನ ಎಣಿಕೆಯಲ್ಲಿ ವಿರುಂಗಾದಲ್ಲಿ 604, ಒಟ್ಟು 1,063. 1980ರ ದಶಕದ ಆರಂಭದಲ್ಲಿ ವಿರುಂಗಾದಲ್ಲಿದ್ದುದು ಸುಮಾರು 250 ಮಾತ್ರ. ಅಳಿಯುವುದೇ ಖಚಿತವೆಂದು ಭಾವಿಸಿದ್ದ ಪ್ರಾಣಿ ಹೀಗೆ ಹೆಚ್ಚಿದ್ದು ಸಣ್ಣ ಸಂಗತಿಯಲ್ಲ. ಆ ಹೆಚ್ಚಳದ ಹಿಂದೆ ಪ್ರವಾಸಿಗರ ಹಣವೂ ಇದೆ ಎಂಬುದನ್ನು ಪ್ರವಾಸೋದ್ಯಮವನ್ನು ಸಂಶಯದಿಂದ ನೋಡುವವರೂ ಒಪ್ಪಲೇಬೇಕು.

ಒಗ್ಗಿಸುವುದು ಹೇಗೆ? ಗೊರಿಲ್ಲಾಗಳು ಪ್ರತಿ ಸಂಜೆ ಎಲೆಕೊಂಬೆಗಳನ್ನು ಮಡಚಿ ಹೊಸ ಹಾಸಿಗೆ ಮಾಡಿಕೊಂಡು ಮಲಗುತ್ತವೆ. ಬೆಳಿಗ್ಗೆ ಅದನ್ನು ಬಿಟ್ಟು ಹೋಗುತ್ತವೆ. ಜಾಡು ಹಿಡಿಯುವವರು ನಿನ್ನೆ ಗುಂಪನ್ನು ಬಿಟ್ಟ ಜಾಗಕ್ಕೆ ನಸುಕಿನಲ್ಲೇ ಹೋಗಿ, ರಾತ್ರಿಯ ಹಾಸಿಗೆಗಳನ್ನು ಹುಡುಕಿ ಎಣಿಸುತ್ತಾರೆ. ಮುರಿದ ಕಾಂಡ, ಲದ್ದಿ, ಜಗಿದು ಉಗುಳಿದ ಸಿಪ್ಪೆ ಇವುಗಳ ಜಾಡಿನಲ್ಲಿ ಕತ್ತಿಯಿಂದ ದಾರಿ ಬಿಡಿಸುತ್ತ ಮುಂದೆ ಸಾಗುತ್ತಾರೆ. ಮೊದಮೊದಲು ಗುಂಪು ಓಡುತ್ತದೆ. ಬೆನ್ನು ಬೆಳ್ಳಗಾದ ಹಿರಿಯ ಗಂಡು ಮಾತ್ರ ಹಿಂದುಳಿದು, ಗರ್ಜಿಸಿ, ಎದೆ ಬಡಿದು, ಮೈಮೇಲೆ ಏರಿಬರುತ್ತದೆ. ಆಗ ಓಡಕೂಡದು. ಕುಕ್ಕರಗಾಲಿನಲ್ಲಿ ಕುಳಿತು ತಲೆ ತಗ್ಗಿಸಬೇಕು, ಕಣ್ಣಲ್ಲಿ ಕಣ್ಣಿಡಬಾರದು, ಎಲೆ ಜಗಿಯುವಂತೆ ನಟಿಸಬೇಕು. ಸಮಾಧಾನದಿಂದಿರುವ ಗೊರಿಲ್ಲಾ ಗಂಟಲಿನಲ್ಲಿ ಹೊರಡಿಸುವ ಮೆಲುವಾದ ಗುರುಗುಟ್ಟನ್ನು ತಾವೂ ಹೊರಡಿಸಬೇಕು. ಮಳೆಯಿರಲಿ ಬಿಸಿಲಿರಲಿ, ದಿನವೂ ಇದೇ ಕೆಲಸ. ಮೂಗಿನ ಮೇಲಿನ ಗೆರೆಗಳು ಒಂದೊಂದಕ್ಕೂ ಬೇರೆಬೇರೆಯಾಗಿರುವುದರಿಂದ ಅವುಗಳ ಮೇಲೆ ಪ್ರತಿಯೊಂದನ್ನೂ ಗುರುತಿಸಿ ಹೆಸರಿಡುತ್ತಾರೆ. ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಕಳೆದ ಮೇಲೆ ಗುಂಪು ಮನುಷ್ಯನನ್ನು ಅಲಕ್ಷಿಸಲು ಕಲಿಯುತ್ತದೆ. ಪ್ರೀತಿಸಲು ಅಲ್ಲ, ಅಲಕ್ಷಿಸಲು.

ಪೂರ್ತಿ ಒಗ್ಗಿದ ಗುಂಪನ್ನು ದಿನಕ್ಕೆ ಎಂಟು ಮಂದಿ, ಒಂದು ಗಂಟೆ ಕಾಲ ನೋಡಬಹುದು. ಒಗ್ಗಿಸುವ ಹಂತದ ಗುಂಪಿನೊಡನೆ ನಾಲ್ವರೇ, ಆದರೆ ನಾಲ್ಕು ಗಂಟೆ. ಇದು ಮುಖ್ಯವಾಗಿ ನಡೆಯುವುದು ಬ್ವಿಂಡಿಯ ದಕ್ಷಿಣ ಭಾಗದ ರುಶಾಗಾದಲ್ಲಿ. ಒಂದು ಗಂಟೆಯ ಪರವಾನಗಿಗೆ ವಿದೇಶೀಯರು 2024ರಿಂದ 800 ಡಾಲರು ಕೊಡಬೇಕು; ನಾಲ್ಕು ಗಂಟೆಯದಕ್ಕೆ 1,500 ಇದ್ದುದು 1,800 ಡಾಲರು ಆಯಿತು, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಇಷ್ಟು ತೆತ್ತವನಿಗೆ ದೊರೆಯುವುದೇನು? ಬೆಳಗಿನ ಸೂಚನೆ ಮುಗಿದ ಮೇಲೆ ಸಮೀಪದ ಹಳ್ಳಿಯ ಯುವಕನೊಬ್ಬನ ಬೆನ್ನಿಗೆ ತನ್ನ ಚೀಲ ಹೊರಿಸಿ ಏರಿಳಿಯುವ ನಡಿಗೆ. ಆಮೇಲೆ ಹಲವೊಮ್ಮೆ ಅಲುಗುವ ಎಲೆಗಳು ಮಾತ್ರ. ಗುಂಪು ಸರಿದರೆ ಅವನೂ ಸರಿಯಬೇಕು. ಅದೃಷ್ಟವಿದ್ದರೆ ನಡುಹಗಲಿನ ವಿಶ್ರಾಂತಿಯ ಹೊತ್ತು ಕಾಣಸಿಗುತ್ತದೆ: ತಾಯಿ ಮಗುವಿನ ಕೂದಲು ಬಿಡಿಸಿ ಹೆಕ್ಕುವುದು, ಮರಿಗಳು ಹಿರಿಯನ ಬೆನ್ನ ಮೇಲಿಂದ ಜಾರುವುದು. ಒಂದು ಗಂಟೆಯ ಭೇಟಿಯಲ್ಲಿ ಕಾಣದ ಒಂದು ಸಂಗತಿಯೂ ಇಲ್ಲಿ ಕಂಡೀತು. ಹಿರಿಯ ಗಂಡು ಬಂದವರನ್ನು ಇನ್ನೂ ಅಳೆಯುತ್ತಿರುತ್ತದೆ. ಜೊತೆಗಿರುವ ಜಾಡುಗಾರರ ಶಾಂತತೆಯೇ ಆಗ ಪ್ರವಾಸಿಗೆ ಗತಿ. ನೂರಾರು ದಿನಗಳ ಅವರ ದುಡಿಮೆಯ ಮೇಲೆ ಆ ನಾಲ್ಕು ಗಂಟೆ ನಿಂತಿರುವುದನ್ನು ಪ್ರವಾಸಿ ಅರಿತರೆ ಕೊಟ್ಟ ಹಣ ಸಾರ್ಥಕವಾದೀತು.

ಇನ್ನು ಅಪಾಯದ ಮಾತು. ಗೊರಿಲ್ಲಾ ಮನುಷ್ಯನಿಗೆ ರಕ್ತಸಂಬಂಧದಲ್ಲಿ ಎಷ್ಟು ಹತ್ತಿರವೆಂದರೆ ಮನುಷ್ಯನ ನೆಗಡಿಯೂ ಅದಕ್ಕೆ ಮಾರಕವಾಗಬಲ್ಲದು. 1996ರಲ್ಲಿ ಬ್ವಿಂಡಿಯ ಒಗ್ಗಿದ ಗುಂಪೊಂದಕ್ಕೆ ಕಜ್ಜಿ ಹತ್ತಿ ಮರಿಯೊಂದು ಸತ್ತಿತು. ಹೊಲಕ್ಕೆ ಬಂದ ಗೊರಿಲ್ಲಾಗಳಿಗೆ ಬೆರ್ಚಪ್ಪನಿಗೆ ತೊಡಿಸಿದ ಕೊಳಕು ಬಟ್ಟೆಯಿಂದ ಅದು ಅಂಟಿರಬೇಕೆಂಬುದು ನಿರ್ಣಯ. ಚಿಕಿತ್ಸೆಗೆ ಹೋದ ಪಶುವೈದ್ಯೆ ಗ್ಲಾಡಿಸ್ ಕಲೆಮಾ ಜಿಕುಸೋಕಾ, ಹಳ್ಳಿಯ ಆರೋಗ್ಯ ಸುಧಾರಿಸದೆ ಗೊರಿಲ್ಲಾದ ಆರೋಗ್ಯ ಉಳಿಯದೆಂದು ಕಂಡುಕೊಂಡು 2003ರಲ್ಲಿ ಎರಡನ್ನೂ ಜೊತೆಯಾಗಿ ನೋಡುವ ಸಂಸ್ಥೆಯೊಂದನ್ನು ಹುಟ್ಟುಹಾಕಿದರು. ಏಳು ಮೀಟರು ದೂರ ನಿಲ್ಲಬೇಕೆಂಬ ನಿಯಮ ಕೋವಿಡ್ ನಂತರ ಹತ್ತು ಮೀಟರಾಗಿದೆ, ಮುಖಗವಸು ಕಡ್ಡಾಯವಾಗಿದೆ. ಆದರೆ ಈ ದೂರ ಪದೇ ಪದೇ ಮುರಿಯುತ್ತದೆಂದು ಅಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ದುಬಾರಿ ಹಣ ಕೊಟ್ಟು ಬಂದವನಿಗೆ ಹತ್ತಿರದ ಚಿತ್ರ ಬೇಕು, ಕರೆತಂದವನಿಗೆ ಇನಾಮು ಬೇಕು. ನಿಯಮ ಇವರಿಬ್ಬರ ನಡುವೆ ಸಿಕ್ಕಿಕೊಂಡಿದೆ.

ಅಂಜಿಕೆ ಬಿಟ್ಟ ಪ್ರಾಣಿ ಕಾಡಿನ ಗಡಿಯನ್ನೂ ಲೆಕ್ಕಿಸುವುದಿಲ್ಲ. ಗೊರಿಲ್ಲಾಗಳಿಗೆ ಬಾಳೆಹಣ್ಣಿಗಿಂತ ಬಾಳೆದಿಂಡು ಪ್ರಿಯ. ಗೊನೆಯನ್ನು ಬಿಟ್ಟು ಗಿಡವನ್ನೇ ಸೀಳಿ ತಿನ್ನುತ್ತವೆ. ಆನೆ ನುಗ್ಗಿದ ತೋಟವನ್ನು ಕಂಡವರಿಗೆ ಇದರ ನೋವನ್ನು ವಿವರಿಸಬೇಕಾಗಿಲ್ಲ. ಹೊಲಕ್ಕಿಳಿದ ಗುಂಪನ್ನು ಬಡಿಯದೆ ಬೆದರಿಸದೆ ಕಾಡಿಗೆ ತಿರುಗಿಸಲು ಹಳ್ಳಿಗರ ಸ್ವಯಂಸೇವಕ ಪಡೆಗಳಿವೆ. ಪರವಾನಗಿಗೆ 600 ಡಾಲರು ಇದ್ದ ಕಾಲದಲ್ಲಿ ಅದರಿಂದ ಅಂಚಿನ ಹಳ್ಳಿಗಳಿಗೆಂದು ಮೀಸಲಾಗಿದ್ದುದು 10 ಡಾಲರು. ಇದಲ್ಲದೆ ಉದ್ಯಾನದ ಪ್ರವೇಶ ಶುಲ್ಕದಲ್ಲಿ ಶೇಕಡಾ 20 ಹಳ್ಳಿಗಳಿಗೆ ಸಲ್ಲಬೇಕೆಂದು ಕಾನೂನಿದೆ. ಆದರೆ ಪ್ರವೇಶ ಶುಲ್ಕ ಚಿಕ್ಕದು, ಪರವಾನಗಿಯ ಹಣ ದೊಡ್ಡದು ಎಂಬುದನ್ನು ಮರೆಯಬಾರದು.

2020ರ ಮಾರ್ಚಿನಲ್ಲಿ ಕೋವಿಡ್ ನಿಮಿತ್ತ ಪ್ರವಾಸಿಗರು ನಿಂತುಹೋದರು. ಹಳ್ಳಿಗಳ ಗಳಿಕೆಯೂ ನಿಂತಿತು. ಕಾಡಿನಲ್ಲಿ ಉರುಲುಗಳು ಹೆಚ್ಚಿದವು. ಜೂನಿನಲ್ಲಿ ಎನ್‌ಕುರಿಂಗೋ ಗುಂಪಿನ ಹಿರಿಯ ಗಂಡು ರಫಿಕಿ ಭರ್ಜಿಯ ಇರಿತದಿಂದ ಸತ್ತುಬಿದ್ದಿತು. ಹಿಡಿಯಲ್ಪಟ್ಟವನು, ಸಣ್ಣ ಬೇಟೆಗೆಂದು ಹೋಗಿದ್ದಾಗ ಅದು ಮೇಲೆ ಬಂತೆಂದೂ ಪ್ರಾಣ ಉಳಿಸಿಕೊಳ್ಳಲು ಇರಿದೆನೆಂದೂ ಹೇಳಿದ. ಹನ್ನೊಂದು ವರ್ಷಗಳ ಸೆರೆವಾಸವಾಯಿತು. ಸ್ವಾಹಿಲಿ ಭಾಷೆಯಲ್ಲಿ ರಫಿಕಿ ಎಂದರೆ ಗೆಳೆಯ.

ಈ ಕಥೆಯಲ್ಲಿ ಇನ್ನೊಂದು ಜನವಿದೆ. ಬ್ವಿಂಡಿಯೊಳಗೆ ತಲೆತಲಾಂತರದಿಂದ ಬೇಟೆಯಾಡಿ ಜೇನು ಕಿತ್ತು ಬಾಳಿದ ಬಾಟ್ವಾ ಜನರನ್ನು ಉದ್ಯಾನವಾದಾಗ ಹೊರಹಾಕಲಾಯಿತು. ಅವರಲ್ಲಿ ಹೆಚ್ಚಿನವರಿಗೆ ಭೂಮಿ ಸಿಗಲಿಲ್ಲ. ಗೊರಿಲ್ಲಾಗಳನ್ನು ಅವರು ಒಗ್ಗಿಸಿದವರಲ್ಲ. ಒಂದೇ ಕಾಡಿನಲ್ಲಿ ದೂರದಿಂದ ಒಬ್ಬರನ್ನೊಬ್ಬರು ಅರಿತು ಬದುಕಿದವರು. ಅವರ ಹೋರಾಟಕ್ಕೆ 2021ರಲ್ಲಿ ಉಗಾಂಡಾದ ಸಂವಿಧಾನ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆತುದನ್ನು ಬಲ್ಲ ವಿದ್ಯಾರ್ಥಿಗಳು ಈ ಎರಡು ಪ್ರಕರಣಗಳನ್ನು ಜೊತೆಗಿಟ್ಟು ಓದುವುದು ಒಳ್ಳೆಯದು.

ಒಂದು ಪ್ರಶ್ನೆ ಇನ್ನೂ ಉಳಿದಿದೆ. ಒಗ್ಗುವ ಹಂತ ಮುಗಿದ ಗುಂಪು ಎಂಟು ಮಂದಿಯ ಸಾಮಾನ್ಯ ಪಟ್ಟಿಗೆ ಸೇರುತ್ತದೆ. ನಾಲ್ಕು ಗಂಟೆಯ ಪರವಾನಗಿಯನ್ನು ಮಾರುತ್ತಲೇ ಇರಬೇಕಾದರೆ ಕಾಡಿನಿಂದ ಮತ್ತೊಂದು ಗುಂಪನ್ನು ಹುಡುಕಿ ತರಬೇಕು. ಬ್ವಿಂಡಿಯಲ್ಲಿ ಈಗಾಗಲೇ ಇಪ್ಪತ್ತಕ್ಕೂ ಹೆಚ್ಚು ಗುಂಪುಗಳು ಒಗ್ಗಿವೆ. ಒಮ್ಮೆ ಬಿಡಿಸಿದ ಅಂಜಿಕೆಯನ್ನು ಹಿಂದಕ್ಕೆ ಕಲಿಸುವ ವಿಧಾನ ಯಾರ ಬಳಿಯೂ ಇಲ್ಲ. ಮನುಷ್ಯನನ್ನು ಕಂಡೊಡನೆ ಓಡುವ ಗುಂಪುಗಳು ಎಷ್ಟು ಉಳಿದಿರಬೇಕೆಂಬುದನ್ನು ಪರವಾನಗಿ ಮಾರುವವರೊಬ್ಬರೇ ಕುಳಿತು ನಿರ್ಧರಿಸತಕ್ಕದ್ದಲ್ಲ.