ಮೊಲದ ಹುಸಿ ಬಸಿರು
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮೊಲ ಸಾಕುವವರ ಒಂದು ದೂರನ್ನು ತಾವು ಕೇಳಿರಬಹುದು. “ಗಂಡಿಗೆ ಬಿಟ್ಟೆವು, ಹೆಣ್ಣು ತುಪ್ಪಳ ಕಿತ್ತು ಗೂಡು ಮಾಡಿತು, ಮರಿ ಮಾತ್ರ ಹಾಕಲಿಲ್ಲ.” ಇಂಥ ಮೊಲವನ್ನು ಬಂಜೆಯೆಂದು ಮಾರಿಬಿಡುವವರುಂಟು. ಮಾರುವ ಮೊದಲು ಅದರ ಗರ್ಭಕೋಶದೊಳಗೆ ನಡೆಯುವ ಕೆಲಸವನ್ನು ಅರಿಯುವುದು ಲಾಭಕರ.

ಹಸುವಿನಂತೆ ಮೊಲಕ್ಕೆ 21 ದಿನಕ್ಕೊಮ್ಮೆ ಬೆದೆಯ ಲೆಕ್ಕವಿಲ್ಲ. ಕೂಡಿದ 10-12 ಗಂಟೆಗಳ ಮೇಲೆ ಅಂಡಾಶಯದಿಂದ ಅಂಡಗಳು ಹೊರಬೀಳುತ್ತವೆ. ಅಂಡ ಬಿಟ್ಟ ಜಾಗದಲ್ಲಿ ಒಂದೊಂದು ಗಂಟು ಬೆಳೆದು, ಪ್ರೊಜೆಸ್ಟರೋನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ.

ಭ್ರೂಣವು ಮೂರು-ನಾಲ್ಕನೆಯ ದಿನ ಗರ್ಭಕೋಶಕ್ಕೆ ಇಳಿಯುತ್ತದೆ. ಗೋಡೆಗೆ ಅಂಟುವುದು ಏಳನೆಯ ದಿನ. ನಡುವೆ ಅದು ಬೇರು ಬಿಡದ ಬೀಜದಂತೆ. ತಾಯಿಯ ರಕ್ತದಿಂದ ನೇರವಾಗಿ ಏನೂ ಸಿಗದು. ಆಗ ಗರ್ಭಕೋಶದ ಒಳಪದರವು ಪ್ರೋಟೀನು ಕೂಡಿದ ರಸವನ್ನು ಸುರಿಸುತ್ತದೆ. ಭ್ರೂಣ ಆ ರಸದಲ್ಲಿ ತೇಲುತ್ತ ಬೆಳೆಯುತ್ತದೆ.

ಈ ರಸಕ್ಕೆ ಅಪ್ಪಣೆ ಕೊಡುವವರು ಯಾರು? ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವಿನ ವೈದ್ಯ ಲುಡ್ವಿಗ್ ಫ್ರೆಂಕೆಲ್ ಅವರು ಮೊಲಗಳ ಅಂಡಾಶಯದ ಗಂಟುಗಳನ್ನು ಸುಟ್ಟು ನೋಡಿದರು, ಬಸಿರು ನಿಲ್ಲಲಿಲ್ಲ. ಇದನ್ನು 1903ರಲ್ಲಿ ಪ್ರಕಟಿಸಿದರು. 1929ರಲ್ಲಿ ಅಮೆರಿಕದ ಕಾರ್ನರ್ ಮತ್ತು ಅಲೆನ್ ಅವರು ಅಂಡಾಶಯ ತೆಗೆದ ಮೊಲಗಳಿಗೆ ಹಂದಿಯ ಗಂಟುಗಳ ಸಾರ ಚುಚ್ಚಿ ಬಸಿರು ಉಳಿಸಿದರು. 1967ರಲ್ಲಿ ಆರ್. ಎಸ್. ಕೃಷ್ಣನ್ ಮತ್ತು ಜೆ. ಸಿ. ಡೇನಿಯಲ್ ಅವರು ಗರ್ಭಕೋಶದ ರಸದಲ್ಲಿ ಒಂದು ವಿಶೇಷ ಪ್ರೋಟೀನನ್ನು ಗುರುತಿಸಿದರು. ಅದಕ್ಕೆ ಯುಟೆರೊಗ್ಲೋಬಿನ್ ಎಂಬ ಹೆಸರು ನಿಂತಿದೆ. ಐದನೆಯ ದಿನದ ಹೊತ್ತಿಗೆ ಅದು ತುಂಬಿ ಹರಿಯುತ್ತದೆ. ಕೂಡಿದ ಮೇಲೆ ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನನ್ನು ಚುಚ್ಚಿದರೆ ರಸ ಬರುವ ದಿನ ತಪ್ಪುತ್ತದೆ, ಭ್ರೂಣ ಉಳಿಯುವುದಿಲ್ಲ.

ಇಲ್ಲೊಂದು ಸೋಜಿಗವಿದೆ. ಅಪ್ಪಣೆ ಬರುವುದು ಅಂಡಾಶಯದಿಂದ, ಭ್ರೂಣದಿಂದಲ್ಲ. ಗಂಡಿನ ವೀರ್ಯ ಬೇಸಿಗೆಯ ಝಳಕ್ಕೆ ಕೆಟ್ಟಿದ್ದರೂ, ಒಂದೇ ಪಂಜರದ ಹೆಣ್ಣುಗಳು ಒಂದರ ಮೇಲೊಂದು ಏರಿದರೂ ಅಂಡ ಬೀಳುತ್ತದೆ, ಗಂಟು ಬೆಳೆಯುತ್ತದೆ, ರಸ ಸುರಿಯುತ್ತದೆ. ಭ್ರೂಣ ಮಾತ್ರ ಇರುವುದಿಲ್ಲ. ಮನೆ ಸಾರಿಸಿ ಅಡಿಗೆ ಮಾಡಿಟ್ಟರೂ ನೆಂಟರು ಬಾರದಂತೆ! ಇದೇ ಹುಸಿ ಬಸಿರು. ಸುಮಾರು 16-18 ದಿನ ಇದ್ದು ತಾನೇ ಮುಗಿಯುತ್ತದೆ. ಅಷ್ಟರವರೆಗೆ ಆ ಮೊಲ ಬಸಿರಾಗದು.

ಆದುದರಿಂದ ತಾವು ಹೀಗೆ ಮಾಡಿರಿ:

1. ಪ್ರಾಯಕ್ಕೆ ಬಂದ ಹೆಣ್ಣುಗಳನ್ನು ಬೇರೆ ಬೇರೆ ಪಂಜರದಲ್ಲಿಡಿರಿ.

2. ಹೆಣ್ಣನ್ನೇ ಗಂಡಿನ ಪಂಜರಕ್ಕೆ ಒಯ್ಯಿರಿ. ಕೂಡಿದ ತಾರೀಖನ್ನು ಬರೆದಿಡಿರಿ.

3. ಮೊದಲ ವಾರ ನೆರಳು, ನೀರು, ಮೇವು ತಪ್ಪದಿರಲಿ. ನಾಯಿ, ಬೆಕ್ಕು ಹತ್ತಿರ ಸುಳಿಯದಿರಲಿ.

4. 12-14ನೆಯ ದಿನ ತಿಳಿದವರಿಂದ ಹೊಟ್ಟೆ ಮುಟ್ಟಿಸಿ ನೋಡಿರಿ.

5. ನಿಜ ಬಸಿರಾದರೆ ಮರಿ ಹಾಕಲು 30-32 ದಿನ ಬೇಕು. 17ನೆಯ ದಿನವೇ ತುಪ್ಪಳ ಕಿತ್ತರೆ ಅದು ಹುಸಿ ಬಸಿರೆಂದು ತಿಳಿದು, ಅದು ಮುಗಿದ ಮೇಲೆ ಮತ್ತೆ ಗಂಡಿಗೆ ಬಿಡಿರಿ.

6. ಪಶುವೈದ್ಯರ ಮಾತಿಲ್ಲದೆ ಹಾರ್ಮೋನಿನ ಚುಚ್ಚುಮದ್ದು ಹಾಕಿಸಬೇಡಿರಿ.

ಒಂದು ಸಲ ಮರಿ ಹಾಕದ ಮೊಲವೆಲ್ಲ ಬಂಜೆಯಲ್ಲ. ತಾರೀಖು ನೋಡಿರಿ, ಆಮೇಲೆ ತೀರ್ಮಾನಿಸಿರಿ.