ಹಿಂಗಾರಿಯ ಹೂಗಳು



ಹೂದೋಟವೆಂದೊಡನೆ ವಸಂತವನ್ನು ನೆನೆಯುವದು ಕವಿಗಳ ವಾಡಿಕೆ. ಸೊಲ್ಲಾಪುರ, ಅಕ್ಕಲಕೋಟೆಗಳ ಎರೆನೆಲದವರಾದ ನಮಗೆ ಅದು ಒಪ್ಪುವಂಥದಲ್ಲ. ಚೈತ್ರ-ವೈಶಾಖಗಳಲ್ಲಿ ನಮ್ಮ ನೆಲ ಬಿರಿದು ಬಾಯ್ದೆರೆದಿರುವದು. ಮುಂಗಾರಿಯೂ ಇಲ್ಲಿ ನೆಚ್ಚುವಂಥದಲ್ಲ. ಎಲ್ಲ ತಿಂಗಳುಗಳಿಗಿಂತ ಸಪ್ಟಂಬರದಲ್ಲಿಯೇ ನಮಗೆ ಮಳೆ ಹೆಚ್ಚು. ಉತ್ತರೆ, ಹಸ್ತ ಮಳೆಗಳು ಕೈಹಿಡಿದರೆ ಹೊಲಕ್ಕೆ ಬಿಳಿಜೋಳ, ಹಿತ್ತಿಲಿಗೆ ಹೂವು. ನಮ್ಮ ವಸಂತವು ಶರದೃತುವೇ ಎಂದರೂ ಸಲ್ಲುವದು.

ಈ ಋತುವಿನ ಅರಸು ಚೆಂಡುಹೂವು. ಖಂಡೆಪೂಜೆಯಂದು ಮಗ್ಗಕ್ಕೆ, ದಸರೆಗೆ ತಲೆಬಾಗಿಲಿಗೆ, ದೀಪಾವಳಿಯ ಪಾಡ್ಯಕ್ಕೆ ಸಗಣಿಯ ಪಾಂಡವರ ನೆತ್ತಿಗೆ ಅದೇ ಬೇಕು. ಇಷ್ಟೊಂದು ನಮ್ಮದಾದ ಈ ಹೂವಿನ ತವರು ಮೆಕ್ಸಿಕೋ! ಸೇವಂತಿಗೆ ಚೀನ ದೇಶದ್ದು. ಎಲ್ಲಿಯವರೆಂದು ನಾವು ಕೇಳಲಿಲ್ಲ. ಹೆಸರಿಟ್ಟು ಮನೆಯವರನ್ನಾಗಿ ಮಾಡಿಕೊಂಡೆವು. ಹಳದಿ ಹೂವಿನ ಮುಳ್ಳುಗೋರಂಟಿಯಾದರೋ ಈ ನೆಲದ ಮಗಳೇ. ನೀರೆರೆಯುವದನ್ನು ಮರೆತರೂ ಮುನಿಯದು.

ಚೆಂಡುಹೂವನ್ನು ಬಹುಕಾಲ ಅರಳಿಸಬೇಕಾದರೆ ಬೀಜಕಟ್ಟಗೊಡಬಾರದು. ಬೀಜ ಬಲಿತೊಡನೆ ಗಿಡವು ತನ್ನ ಕೆಲಸ ತೀರಿತೆಂದು ಸೊರಗುವದು. ಬಾಡಿದುದನ್ನು ಎರಡು ದಿನಕ್ಕೊಮ್ಮೆ ಕಿತ್ತರೆ ಹೊಸ ಮೊಗ್ಗು ಬರುವದು. ಸೇವಂತಿಗೆಯ ರೀತಿಯೇ ಬೇರೆ. ಶ್ರಾವಣದವರೆಗೆ ಕುಡಿ ಚಿವುಟುತ್ತ ಬಂದರೆ ಅದು ಪೊದೆಯಾಗುತ್ತದೆ. ಅನಂತರ ಮುಟ್ಟಬಾರದು, ಇರುಳು ನೀಳವಾಗುವದನ್ನು ಕಾದು ಅದು ಮೊಗ್ಗುಬಿಡುವದು. ಗಿಡಗಳು ಹಗಲಿರುಳಿನ ಅಳತೆಯನ್ನು ಅರಿಯುವವೆಂಬುದನ್ನು ಅಮೇರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಬೀದಿದೀಪದ ಕೆಳಗಿನ ಸೇವಂತಿಗೆ ತಡವಾಗಿ ಹೂಬಿಡುವದಕ್ಕೆ, ಕೆಲವೊಮ್ಮೆ ಬಿಡದೆಯೇ ಇರುವದಕ್ಕೆ, ಇದೇ ಕಾರಣ. ಮನೆಯವರು ಪಾಪ, ಗೊಬ್ಬರವನ್ನು ಹಳಿಯುತ್ತಾರೆ!

ಈ ಹೂಗಳ ಹೆಸರುಗಳನ್ನು ಕೇಳಿರಿ. ಮರಾಠಿಯ ಶೇವಂತಿ ನಮ್ಮ ಸೇವಂತಿಗೆ; ಅವರ ಕೋರಾಂಟಿ ನಮ್ಮ ಗೋರಂಟಿ. ನೆರೆಹೊರೆಯ ಎರಡು ನುಡಿಗಳು ಬೇಲಿಯ ಮೇಲಿಂದ ಕೈನೀಡಿ ಹೂವು ಕೊಟ್ಟುಕೊಂಡಂತಿದೆ. ಇದು ಸಂತೋಷದ ಮಾತೇ. ನಮ್ಮ ಚಿಂತೆ ಬೇರೊಂದು. ಹಿತ್ತಿಲು ಹೋಗಿ ಸಿಮೆಂಟಿನ ಅಂಗಳ ಬಂದಿದೆ. ಹೂವು ಪೇಟೆಯಿಂದ ತೂಕದ ಲೆಕ್ಕದಲ್ಲಿ ಬರುತ್ತಿದೆ. ಪೇಟೆಯಲ್ಲಿ ಕೇಳಿದ ಹೆಸರೇ ಮಕ್ಕಳ ಬಾಯಲ್ಲಿ ನಿಲ್ಲುವದು. 'ಝೆಂಡು' ಎಂದರೆ ತಿಳಿಯುವ ಕನ್ನಡದ ಕೂಸು, ಅಜ್ಜಿ 'ಚೆಂಡುಹೂವು ತಾ' ಎಂದರೆ ಸುಮ್ಮನೆ ನೋಡುತ್ತದೆ. ಎರಡೂ ಹೆಸರು ಬಲ್ಲ ಮಗುವೇ ಗಡಿನಾಡಿನ ಸಿರಿವಂತ ಮಗು. ಶಾಲೆಯ ಪುಸ್ತಕವೊಂದೇ ಈ ಕೆಲಸ ಮಾಡಲಾರದು; ಮನೆಯಲ್ಲಿ ಗಿಡವಿರಬೇಕು.

ನೀರಿನ ಮಾತನ್ನು ಬಲ್ಲೆವು. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮನು ಕೆರೆ ಕಟ್ಟಿಸಿದ ಊರಿನಲ್ಲಿ ಅದರ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಕ್ಕಿ-ಬೇಳೆ ತೊಳೆದ ನೀರು ನಾಲ್ಕು ಚೆಂಡುಹೂವಿನ ಗಿಡಗಳಿಗೆ ಸಾಕು.

ದೀಪಾವಳಿ ಕಳೆದ ಮೇಲೆ ದೊಡ್ಡವಾದ ಐದಾರು ಹೂಗಳನ್ನು ಕೀಳದೆ ಗಿಡದಲ್ಲಿಯೇ ಒಣಗಗೊಡಿರಿ. ಬೀಜವನ್ನು ಅರಿವೆಯಲ್ಲಿ ಕಟ್ಟಿ, ತೇವ ತಾಕದಂತೆ ತೂಗಹಾಕಿರಿ. ಮುಂದಿನ ಆರಿದ್ರೆ ಮಳೆಗೆ ಮಕ್ಕಳ ಕೈಯಿಂದಲೇ ಬಿತ್ತಿಸಿರಿ; ದಸರೆಯ ಹೊತ್ತಿಗೆ ಮಾಲೆಗಾಗುವಷ್ಟು ಹೂವು ಸಿಕ್ಕೀತು.