ಉತ್ತರಕ್ಕಿಂತ ಮೊದಲು ಪ್ರಶ್ನೆ
(ಶತಮಾನೋತ್ಸವದ ರಕ್ಷಕ–ಶಿಕ್ಷಕ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಈ ಶಾಲೆಯ ನೂರು ವರ್ಷಗಳ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ವೇದಿಕೆಯಲ್ಲಿದ್ದಾರೆ. ನಾನು ಇಂದಿನ ಒಂದು ಪ್ರಶ್ನೆಯನ್ನಷ್ಟೇ ಎತ್ತಿಕೊಳ್ಳುತ್ತೇನೆ. ಮಕ್ಕಳು ಮೊಬೈಲಿನಲ್ಲಿ ಎ.ಐ.ಯನ್ನು ಕೇಳಿ ಮನೆಗೆಲಸ ಬರೆಯುತ್ತಿದ್ದಾರೆ. ಬಿಡಬೇಕೇ, ತಡೆಯಬೇಕೇ ಎಂದು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ.

ತುರ್ಕಿಯ ಪ್ರೌಢಶಾಲೆಯೊಂದರ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳ ಗಣಿತ ಕಲಿಕೆಯ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2024ರಲ್ಲಿ ಹೊರಬಂದಿತು. ಕೇಳಿದೊಡನೆ ಉತ್ತರ ಕೊಡುವ ಸಾಮಾನ್ಯ ತಂತ್ರಾಂಶವನ್ನು ಬಳಸಿದವರು ಅಭ್ಯಾಸದ ಲೆಕ್ಕಗಳಲ್ಲಿ ಶೇಕಡಾ 48ರಷ್ಟು ಮುಂದಿದ್ದರು. ಆದರೆ ಅದನ್ನು ಹಿಂತೆಗೆದುಕೊಂಡು ಪರೀಕ್ಷೆ ನಡೆಸಿದಾಗ, ಅದನ್ನು ಮುಟ್ಟಿಯೇ ಇಲ್ಲದವರಿಗಿಂತ ಶೇಕಡಾ 17ರಷ್ಟು ಹಿಂದೆ ಬಿದ್ದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ರೂಪಿಸಿದ ತಂತ್ರಾಂಶವನ್ನು ಬಳಸಿದವರಲ್ಲಿ ಈ ಹಾನಿ ಬಹುಮಟ್ಟಿಗೆ ಕಾಣಲಿಲ್ಲ. ಹಾಗೆಂದು ಪರೀಕ್ಷೆಯಲ್ಲಿ ಅವರು ಮಿಕ್ಕವರನ್ನು ಮೀರಿಸಿದರೆಂದೂ ಅಲ್ಲ. ಜಾಹೀರಾತುಗಳನ್ನು ಓದುವಾಗ ಈ ಕೊನೆಯ ಮಾತು ನೆನಪಿರಲಿ.

ನಮ್ಮ ಊರಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕಿಲೋಗೆ 500 ರೂಪಾಯಿ ಇದ್ದ ಅಡಿಕೆಯ ಧಾರಣೆ ಶೇಕಡಾ 10ರಷ್ಟು ಏರಿ, ಮತ್ತೆ ಶೇಕಡಾ 10ರಷ್ಟು ಇಳಿದರೆ ಎಷ್ಟಾಗುತ್ತದೆ? ತರಗತಿಯ ಅರ್ಧಕ್ಕರ್ಧ ಮಕ್ಕಳು 500 ಎನ್ನುತ್ತಾರೆ. ಯಂತ್ರವನ್ನು ಕೇಳಿದರೆ 495 ಎಂದು ಬರೆದುಕೊಡುತ್ತದೆ. ಮಗು ನಕಲು ಮಾಡುತ್ತದೆ. ಅದರ ತಪ್ಪು ತಿಳಿವಳಿಕೆ ಇದ್ದಲ್ಲೇ ಉಳಿಯುತ್ತದೆ. ಅದರ ಬದಲು, ‘ನನ್ನ ಉತ್ತರ 500. ಸರಿಯಾದುದನ್ನು ಹೇಳಬೇಡ, ನನ್ನನ್ನು ಪ್ರಶ್ನಿಸು’ ಎಂದು ಮಗು ಬರೆಯಲಿ. ‘ಎರಡನೆಯ ಸಲ ಶೇಕಡಾ 10 ಯಾವ ಮೊತ್ತದ ಮೇಲೆ?’ ಎಂಬ ಒಂದು ಪ್ರಶ್ನೆ ಬಂದರೆ ಸಾಕು, 550 ಎಂಬ ಸಂಖ್ಯೆ ಮಗುವಿಗೆ ತಾನಾಗಿ ಕಾಣುತ್ತದೆ. ಆದುದರಿಂದ ನನ್ನ ಸೂಚನೆ ಇಷ್ಟೆ: ಮೊದಲು ನೋಟುಪುಸ್ತಕ, ಆಮೇಲೆ ಮೊಬೈಲು. ಸ್ವಂತ ಪ್ರಯತ್ನದ ಗುರುತಿಲ್ಲದ ಪುಟಕ್ಕೆ ನಮ್ಮ ಅಧ್ಯಾಪಕರು ಸಹಿ ಹಾಕುವುದಿಲ್ಲ. ಯಂತ್ರ ತಪ್ಪುವುದೂ ಉಂಟು. ಅದರ ತಪ್ಪನ್ನು ಹಿಡಿದು ತಂದ ಮಗುವಿಗೆ ತರಗತಿಯಲ್ಲಿ ಮೆಚ್ಚುಗೆ ಉಂಟು.

ಇನ್ನು ಭಾಷೆಯ ವಿಚಾರ. ನಮ್ಮ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ, ಹವ್ಯಕ ಕನ್ನಡ ಹೀಗೆ ಹಲವು. ಗ್ರಂಥಸ್ಥ ಕನ್ನಡ ಅವರಿಗೆ ಮುಖ್ಯವಾಗಿ ಶಾಲೆಯಿಂದಲೇ ದಕ್ಕಬೇಕು. ಪಠ್ಯಪುಸ್ತಕದ ‘ತ್ರಿಜ್ಯ’ವನ್ನು ಯಂತ್ರ ‘ರೇಡಿಯಸ್’ ಎಂದರೆ, ಅವೆರಡೂ ಬೇರೆಯೆಂದು ತಿಳಿಯುವ ಮಗು ಇದೆ. ಇಂಗ್ಲಿಷಿನಲ್ಲೇ ಕೇಳಿದರೆ ಉತ್ತರ ಚೆನ್ನಾಗಿ ಬರುತ್ತದೆಂದು ಕಂಡುಕೊಂಡ ಮಗು ಕನ್ನಡದಲ್ಲಿ ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡಬಹುದು. ನನ್ನ ದೊಡ್ಡ ಆತಂಕ ಇದೇ.

ಮತ್ತೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳಲು ಈ ನಾಡು ಪಟ್ಟ ಪಾಡು ನಿಮಗೆ ಗೊತ್ತು. ಕನ್ನಡವರಿಯದವರು ಕನ್ನಡ ತರಗತಿಗಳಿಗೆ ನೇಮಕವಾದಾಗ ಮಕ್ಕಳೂ ರಕ್ಷಕರೂ ಪ್ರತಿಭಟಿಸಬೇಕಾಯಿತು. ನಾಳೆ ಯಾರಾದರೂ ‘ಯಂತ್ರವೇ ಕನ್ನಡದಲ್ಲಿ ಕಲಿಸುತ್ತದಲ್ಲ’ ಎಂದರೆ ನಾವು ಒಪ್ಪಬಾರದು. ಉತ್ತರ ಗೊತ್ತಿದ್ದೂ ಸುಮ್ಮನಿರುವ ಹಿಂದಿನ ಬೆಂಚಿನ ಹುಡುಗಿಯ ಮುಖವನ್ನು ಓದಬಲ್ಲವರು ಅಧ್ಯಾಪಕರು. ಆ ಹುದ್ದೆ ತುಂಬಲೇಬೇಕು.

ಪೂರ್ವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಗಣಿತ ಮತ್ತು ವಿಜ್ಞಾನದ ಕನ್ನಡ ಪಾರಿಭಾಷಿಕ ಪದಗಳ ಪಟ್ಟಿಯೊಂದನ್ನು ಮಕ್ಕಳಿಂದಲೇ ಮಾಡಿಸಿ, ಯಂತ್ರದ ಉತ್ತರಗಳನ್ನು ಅದಕ್ಕೆ ಹೋಲಿಸಿ ನೋಡಿಸುವ ಯೋಜನೆಯಿದೆ. ನೀವು ಓದಿದ ಹಳೆಯ ಪಠ್ಯಪುಸ್ತಕಗಳು ಅಟ್ಟದಲ್ಲಿ ಉಳಿದಿದ್ದರೆ, ಗೆದ್ದಲು ಮುಟ್ಟುವ ಮೊದಲು ನಮ್ಮ ವಾಚನಾಲಯಕ್ಕೆ ತಲುಪಿಸಿಕೊಡಿ.